ಹೊಸ ಸಬ್‌ವೂಫರ್: ಸಿನಿಮಾಗೆ ಸೂಪರ್, ಹಾಡಿಗೆ ಬರೀ ಗುಂಯ್. ಮಾರಿಬಿಡಲಾ?

ಬಿಟಿಎಂ_ಬೇಸ್:
ತಲೆ ಕೆಟ್ಟು ಹೋಗಿದೆ. ಹೋದ ತಿಂಗಳು ಬರೀ ಬೇಸ್‌ಗೆ ಅಂತ ಹೊಸ ಸಬ್ ತಗೊಂಡೆ. ಸಿನಿಮಾದಲ್ಲಿ ಬಾಂಬ್ ಬಿದ್ದರೆ ಎದೆ ನಡುಗುತ್ತದೆ, ಅದರಲ್ಲಿ ದೂರಿಲ್ಲ. ಆದರೆ ಯಾವ ಹಾಡು ಹಾಕಿದರೂ ಒಂದೇ ಗುಂಯ್. ಬೇಸ್ ಗಿಟಾರ್ ಮೇಲೆ ಹೋಯಿತೋ ಕೆಳಗೆ ಬಂತೋ ಗೊತ್ತೇ ಆಗುವುದಿಲ್ಲ. ಮೃದಂಗದ ಎಡಗೈ ಪೆಟ್ಟು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಅಂಗಡಿಯವರು "ಇನ್ನೂ ಓಡಬೇಕು ಸರ್, ಆಮೇಲೆ ಸರಿಹೋಗುತ್ತೆ" ಅಂತಾರೆ. ವಾಪಸ್ ತಗೊಳ್ಳಲ್ಲವಂತೆ. ಸೆಟ್ಟಿಂಗ್ ಎಲ್ಲಾ ಸರಿಯಾಗೇ ಇದೆ. ಇದನ್ನು ಮಾರಿ ಹಾಡಿಗೆ ಅಂತಲೇ ಬೇರೆ ತಗೋಬೇಕಾ?

ಸೀಲ್ಡ್_ಸೀನ:
ಪೋರ್ಟೆಡ್, ಅಂದರೆ ಗಾಳಿ ಆಡಲು ತೂತು ಇರುವ ಬಾಕ್ಸ್ ಅಲ್ವಾ? ಮಾರಿ ಗುರು. ಹಾಡಿಗೆ ಪೂರ್ತಿ ಮುಚ್ಚಿದ ಸೀಲ್ಡ್, ಸಿನಿಮಾಗೆ ಪೋರ್ಟೆಡ್, ಅಷ್ಟೇ. ಸೀಲ್ಡ್ ಬಾಕ್ಸಿನಲ್ಲಿ ಬೇಸ್ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧವಾದಂತೆಲ್ಲಾ, 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಪೋರ್ಟೆಡ್ಡು ಪೋರ್ಟಿನ ಟ್ಯೂನಿಂಗ್‌ಗಿಂತ ಕೆಳಗೆ ಹೋದರೆ 24ರಂತೆ ಧಡಕ್ಕನೆ ಬೀಳುತ್ತದೆ. ಆ ಜಾಗದಲ್ಲೇ ದನಿ ಎಳೆಯುವುದು.

ಧಾರವಾಡ_ಡಗ್ಗ:
ಅಲ್ರೀ, ಎಷ್ಟು ಇಂಚು, ರೂಮ್ ಎಷ್ಟು ದೊಡ್ಡದು, ಎಲ್ಲಿ ಇಟ್ಟಿದ್ದೀರಿ, ಒಂದೂ ಹೇಳಿಲ್ಲ. ಸೀನಣ್ಣ ಆಗಲೇ ಮಾರಿಸಿಬಿಟ್ಟ.

ಬಿಟಿಎಂ_ಬೇಸ್:
12 ಇಂಚು, ಪೋರ್ಟೆಡ್. ಮಾಮೂಲಿ ರೂಮ್.

ವೈರ್_ರಾಜ:
ಸಬ್ ಕೇಬಲ್ ಯಾವುದು? ಜೊತೆಗೆ ಬಂದ ತೆಳ್ಳನೆಯದಾದರೆ ಮೊದಲು ಅದನ್ನು ಬಿಸಾಕಿ. ಬೆಳ್ಳಿ ಲೇಪದ್ದು ಹಾಕಿದ ಮೇಲೆ ನನ್ನ ಬೇಸ್ ಗಟ್ಟಿಯಾಯಿತು.

ಸೀಲ್ಡ್_ಸೀನ:
ಸ್ಪೀಕರ್ ವೈರಿನ ಕರೆಂಟ್ ಅಲ್ಲ, ಬರೀ ಲೈನ್ ಸಿಗ್ನಲ್ ರಾಜಣ್ಣ ಅದು. ಆ ಕಡೆ ಸಾವಿರಾರು ಓಮ್ ಇನ್‌ಪುಟ್ ಇರುತ್ತದೆ. ವೈರಿನ ಅರ್ಧ ಓಮ್ ಅಲ್ಲಿ ಏನು ಮಾಡುತ್ತದೆ?

ವೈರ್_ರಾಜ:
ನಾನು ಕಿವಿಯಿಂದ ಕೇಳುತ್ತೇನೆ, ಕ್ಯಾಲ್ಕುಲೇಟರ್‌ನಿಂದ ಅಲ್ಲ.

ಸೀಲ್ಡ್_ಸೀನ:
ಹಾಗಾದರೆ ಕಣ್ಣು ಮುಚ್ಚಿಕೊಂಡು ಕೇಳಿ. ಮನೆಯವರು ಕೇಬಲ್ ಬದಲಾಯಿಸಲಿ, ಯಾವುದು ಯಾವುದು ಹೇಳಿ ನೋಡೋಣ.

ಮೈಸೂರ್_18ಇಂಚು:
12 ಇಂಚು ಅಂದರೆ ಅದು ಶುರುವಾತು ಅಷ್ಟೇ ಬಾಸ್. ನನ್ನ ಹತ್ತಿರ 18 ಇಂಚಿನವು ಎರಡಿವೆ. ಬಡಗಿಗೆ ಅಳತೆ ಕೊಟ್ಟು 18 ಎಂಎಂ ಪ್ಲೈವುಡ್‌ನಲ್ಲಿ ಮಾಡಿಸಿದ್ದು. ಆಯುಧ ಪೂಜೆಗೆ ಬೈಕ್ ಜೊತೆ ಅವಕ್ಕೂ ಕುಂಕುಮ, ನಿಂಬೆಹಣ್ಣು. ಫೋಟೋ ಸಂಜೆ ಹಾಕುತ್ತೇನೆ.

ಬಿಟಿಎಂ_ಬೇಸ್:
ಸ್ವಾಮಿ, ನನ್ನ ಪ್ರಶ್ನೆ ಯಾರಾದರೂ ನೋಡಿದ್ರಾ?

ಮಲ್ನಾಡ್_ರೆಕಾರ್ಡ್ಸ್:
ನೋಡಿದೆ ಸರ್. ರಿಸೀವರ್ (ಆ್ಯಂಪ್ಲಿಫೈಯರ್ ಪೆಟ್ಟಿಗೆ)ನಲ್ಲಿ ಮುಂದಿನ ಸ್ಪೀಕರ್‌ಗೆ ಲಾರ್ಜ್ ಕೊಟ್ಟಿದ್ದೀರಾ, ಸ್ಮಾಲ್ ಕೊಟ್ಟಿದ್ದೀರಾ? ಲಾರ್ಜ್ ಅಂದರೆ ಬೇಸ್ ಪೂರ್ತಿ ಅದಕ್ಕೇ ಹೋಗುತ್ತದೆ, ಸ್ಮಾಲ್ ಅಂದರೆ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತದೆ. ಸಬ್ ಹಿಂದಿನ ಕ್ರಾಸ್‌ಓವರ್ ತಿರುಗಣೆ, ಅಂದರೆ ಎಷ್ಟು ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್ ನುಡಿಸಬೇಕು ಅನ್ನುವುದು, ಎಲ್ಲಿದೆ?

ಬಿಟಿಎಂ_ಬೇಸ್:
ಟವರ್ ಸ್ಪೀಕರ್, ಅದಕ್ಕೇ ಲಾರ್ಜ್. ಸಬ್‌ಗೆ ಎಲ್‌ಎಫ್‌ಇ (ಸಿನಿಮಾದ ಬೇಸ್ ಟ್ರ್ಯಾಕ್) ಪ್ಲಸ್ ಮೇನ್ ಅಂತ ಇತ್ತು, ಜಾಸ್ತಿ ಬರುತ್ತದೆ ಅಂತ ಅದನ್ನೇ ಇಟ್ಟೆ. ತಿರುಗಣೆ 60ರ ಹತ್ತಿರ.

ಮಲ್ನಾಡ್_ರೆಕಾರ್ಡ್ಸ್:
ಅಲ್ಲೇ ಇದೆ ನೋಡಿ ಒಂದು ಗಂಟು. ಈಗ ಒಂದೇ ಬೇಸ್ ಅನ್ನು ಟವರೂ ನುಡಿಸುತ್ತಿದೆ, ಸಬ್ಬೂ ನುಡಿಸುತ್ತಿದೆ. ಟವರ್ ಇದ್ದರೂ ಪರವಾಗಿಲ್ಲ, ಸ್ಮಾಲ್ ಕೊಡಿ. ಕ್ರಾಸ್‌ಓವರ್ 80 ಹರ್ಟ್ಸ್. ಎಲ್‌ಎಫ್‌ಇ ಪ್ಲಸ್ ಮೇನ್ ತೆಗೆದು ಬರೀ ಎಲ್‌ಎಫ್‌ಇ ಇಡಿ. ಸಬ್ ಮೇಲಿನ ತಿರುಗಣೆ ಪೂರ್ತಿ ಮೇಲಕ್ಕೆ. ಇಲ್ಲದಿದ್ದರೆ ರಿಸೀವರ್ ಒಮ್ಮೆ ಕತ್ತರಿಸುತ್ತದೆ, ಸಬ್ ಇನ್ನೊಮ್ಮೆ ಕತ್ತರಿಸುತ್ತದೆ.

ಸೀಲ್ಡ್_ಸೀನ:
ಏನು ತಿರುಗಿಸಿದರೂ ಪೋರ್ಟೆಡ್ ಪೋರ್ಟೆಡ್ಡೇ. ತಬಲಾ ಕೇಳುವವನು ಆ ಬಾಕ್ಸ್ ಮುಟ್ಟಬಾರದು.

ಧಾರವಾಡ_ಡಗ್ಗ:
ನಾನು ತಬಲಾ ಬಾರಿಸುವವನು, ಸೀನಣ್ಣ. ನನ್ನ ಮನೆಯಲ್ಲಿರುವುದು ಪೋರ್ಟೆಡ್. ಡಗ್ಗದ ಮೇಲೆ ಮುಂಗೈ ಒತ್ತಿ ಜಾರಿಸಿದರೆ ಸ್ವರ ಏರುವುದು ಪೂರ್ತಿ ಕೇಳುತ್ತದೆ. ರೂಮಿನ ಅಳತೆ ಹೇಳ್ರಿ ಬಿಟಿಎಂ. ಮಾಮೂಲಿ ಅಂದರೆ ಎಷ್ಟು?

ಬಿಟಿಎಂ_ಬೇಸ್:
10 ಅಡಿಗೆ 10 ಅಡಿ. ಸಬ್ ಮೂಲೆಯಲ್ಲಿ, ಪ್ಲಗ್ ಅಲ್ಲೇ ಇರುವುದು. ಸೋಫಾ ಎದುರು ಗೋಡೆಗೆ ಒರಗಿಸಿದೆ. ಇದಕ್ಕೂ ಹಾಡಿಗೂ ಏನು ಸಂಬಂಧ?

ಧಾರವಾಡ_ಡಗ್ಗ:
ಸೂರು?

ಬಿಟಿಎಂ_ಬೇಸ್:
ಅದೂ 10 ಇರಬೇಕು. ಎಲ್ಲರ ಮನೆಯದೂ ಅಷ್ಟೇ ಅಲ್ವಾ.

ಧಾರವಾಡ_ಡಗ್ಗ:
ಸಿಕ್ಕಿತು. ಉದ್ದ, ಅಗಲ, ಎತ್ತರ ಮೂರೂ 10 ಅಡಿ, ಅಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಅಳತೆಯ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್. ಎದುರುಬದುರು ಗೋಡೆಗಳ ನಡುವೆ ಅಲೆ ಆ ಲೆಕ್ಕಕ್ಕೆ ಸರಿಯಾಗಿ ಕೂತುಬಿಡುತ್ತದೆ. ಬೇರೆಯವರ ರೂಮಿನಲ್ಲಿ ಮೂರು ದಿಕ್ಕಿಗೆ ಮೂರು ಬೇರೆ ಸಂಖ್ಯೆ ಬರುತ್ತವೆ. ನಿಮ್ಮಲ್ಲಿ ಮೂರೂ ಒಂದೇ ಕಡೆ. ಬೇಸ್ ಗಿಟಾರ್‌ನ ಎ ತಂತಿ ಎಷ್ಟು ಗೊತ್ತಾ? 55 ಹರ್ಟ್ಸ್. ಆ ಸ್ವರ ಬಂದಾಗೆಲ್ಲಾ ಇಡೀ ರೂಮೇ ಕೂಗುತ್ತದೆ, ಪಕ್ಕದ ಸ್ವರಗಳು ಅದರಡಿ ಮುಚ್ಚಿಹೋಗುತ್ತವೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು, ಬೇಸ್ ಆಚೆಗೂ ಹೋಗುವುದಿಲ್ಲ. ಸಬ್ ಮೂಲೆಯಲ್ಲಿದ್ದರೆ ಮೂರೂ ಅಲೆ ಜೋರಾಗಿ ಏಳುತ್ತವೆ. ಗೋಡೆಗೆ ತಲೆ ಒರಗಿಸಿ ಕೂತರೆ ಜೋರಾಗಿ ಕೇಳುವ ಜಾಗದಲ್ಲೇ ಕಿವಿ ಇಟ್ಟಂತೆ.

ಸಿನಿಮಾದಲ್ಲಿ ಇದು ಗೊತ್ತಾಗದೆ ಇರುವುದಕ್ಕೆ ಕಾರಣ, ಬಾಂಬಿಗೆ ಶ್ರುತಿ ಇಲ್ಲ. 30 ಆದರೇನು 56 ಆದರೇನು, ಜೋರಾಗಿ ಬಂದರೆ ಖುಷಿ. ಸಾಲದ್ದಕ್ಕೆ ಎಲ್‌ಎಫ್‌ಇ ಟ್ರ್ಯಾಕು ಬೇರೆ ಚಾನೆಲ್‌ಗಿಂತ 10 ಡೆಸಿಬೆಲ್ ಜೋರಾಗಿ ನುಡಿಯುವ ಹಾಗೇ ಇಟ್ಟಿರುತ್ತಾರೆ.

ಸಬ್ ಅನ್ನು ಮುಂದಿನ ಗೋಡೆಯ ನಡುಮಧ್ಯಕ್ಕೆ ತನ್ನಿ, ಎಡಬಲದ ಅಲೆ ಅಲ್ಲಿಂದ ಏಳುವುದಿಲ್ಲ. ಸೋಫಾ ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ. ತೀರಾ ರೂಮಿನ ಮಧ್ಯಕ್ಕೆ ಬೇಡ, ಅಲ್ಲಿ ಬೇಸೇ ಮಾಯ.

ಮೈಸೂರ್_18ಇಂಚು:
ನನ್ನ ಹಾಲ್ 22 ಅಡಿ. ಈ ರಗಳೆಯೇ ಇಲ್ಲ. ಫೋಟೋ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಜಾಸ್ತಿ ಅಂತೆ.

ಬಿಟಿಎಂ_ಬೇಸ್:
ಎಕ್ಸ್‌ಟೆನ್ಷನ್ ಬೋರ್ಡ್ ತಂದು ಸಬ್ ಸರಿಸಿದೆ. ಸ್ಮಾಲ್, 80 ಎಲ್ಲಾ ಮಾಡಿದೆ. ಗುಂಯ್ ಅರ್ಧಕ್ಕರ್ಧ ಹೋಗಿದೆ. ಬೇಸ್ ಗಿಟಾರ್ ಸ್ವರ ಬಿಡಿಬಿಡಿಯಾಗಿ ಬರುತ್ತಿದೆ. ಆದರೆ ಸಿನಿಮಾದಲ್ಲಿ ಎದೆ ನಡುಗುವುದು ಕಡಿಮೆಯಾಯಿತು. ನಡುಮಧ್ಯದಲ್ಲಿ ಇರುವುದರಿಂದ ಅಮ್ಮ ಎರಡು ಸಲ ಎಡವಿದರು.

ಧಾರವಾಡ_ಡಗ್ಗ:
ನೆಲ-ಸೂರಿನ 56 ಎಲ್ಲೂ ಹೋಗುವುದಿಲ್ಲ, ಸಬ್ ನೆಲದ ಮೇಲೇ ಇರುತ್ತದಲ್ಲ. ರಿಸೀವರ್‌ನಲ್ಲಿ ಅಥವಾ ಸಬ್ಬಿನ ಆ್ಯಪ್‌ನಲ್ಲಿ ಈಕ್ವಲೈಸರ್ ಇದ್ದರೆ ಅಲ್ಲಿ 56ರ ಸುತ್ತ ಸ್ವಲ್ಪ ಕಡಿಮೆ ಮಾಡಿ. ಅಳತೆ ಮೈಕ್ ಯಾರದಾದರೂ ಸಿಕ್ಕರೆ ರೂಮ್ ಈಕ್ಯೂ ವಿಝಾರ್ಡ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಗ್ರಾಫ್ ಹಾಕಿ. ಸಿನಿಮಾಗೆ ಸಬ್ ಮಟ್ಟ ಒಂದು 3 ಡೆಸಿಬೆಲ್ ಏರಿಸಿ, ಹಾಡಿಗೆ ಇಳಿಸಿ. ನಾನೂ ಹಾಗೇ ಮಾಡುವುದು.

ಸೀಲ್ಡ್_ಸೀನ:
ದಿನಾ ಏರಿಸಿ ಇಳಿಸುವುದಕ್ಕಿಂತ ಒಂದು ಸೀಲ್ಡ್ ತಗೊಂಡರೆ ಮುಗಿಯಿತಲ್ಲ.

ಧಾರವಾಡ_ಡಗ್ಗ:
ನಿಮ್ಮ ಮಾತು ಅರ್ಧ ನಿಜ. ಸಣ್ಣ ರೂಮಿನಲ್ಲಿ ತೀರಾ ಕೆಳಗಿನ ಬೇಸನ್ನು ಗೋಡೆಗಳೇ ಎತ್ತುತ್ತವೆ, ಸೀಲ್ಡ್ ಬಾಕ್ಸಿನ ಇಳಿಕೆಗೆ ಅದು ಸರಿಹೊಂದುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರ್ 41 ಹರ್ಟ್ಸ್‌ಗೆ ನಿಲ್ಲುತ್ತದೆ, ಹಾಡಿಗೆ 20ರವರೆಗೆ ಇಳಿಯುವ ದೊಡ್ಡ ಬಾಕ್ಸ್ ಬೇಕೇ ಬೇಕು ಅಂತಿಲ್ಲ. ಈ ರೂಮಿಗೆ ಹೊಸದಾಗಿ ಕೊಳ್ಳುವವರಿದ್ದರೆ ನಾನೂ 10 ಇಂಚಿನ ಸೀಲ್ಡ್ ಅಂತಲೇ ಹೇಳುತ್ತಿದ್ದೆ. ಆದರೆ ಅದನ್ನೂ ಆ ಮೂಲೆಯಲ್ಲೇ ಇಟ್ಟರೆ ಅದೇ 56.

ಹಾಸನ_ಹಮ್:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಸಬ್ ಸುಮ್ನೆ ಆನ್ ಇದ್ದರೂ ಮ್ಮ್ಮ್ ಅನ್ನುತ್ತದೆ. ಯಾಕೆ?

ವೈರ್_ರಾಜ:
ಕೇಬಲ್.

ಮಲ್ನಾಡ್_ರೆಕಾರ್ಡ್ಸ್:
ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ವೈರ್ ಕಿತ್ತು ನೋಡಿ. ಹಮ್ ನಿಂತರೆ ಅರ್ಥಿಂಗ್ ಲೂಪ್, ಅಂದರೆ ಅರ್ಥ್ ಎರಡು ದಾರಿಯಲ್ಲಿ ಸೇರಿದೆ. ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಹೊಸ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.