"ಮಾವನ ಮನೆಯಲ್ಲಿ ರಾತ್ರಿಯಿಡೀ ಡ್ರಾಮಾ": ಯಕ್ಷಗಾನವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಕುಂದಾಪ್ರದವ:

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಸರ್ವರ್ ಬಿದ್ದರೆ, ಕೋಡ್ ಕೆಟ್ಟರೆ, ರಜೆ ಬೇಕಾದರೆ ಪಟಪಟ ಮಾತಾಡುತ್ತೇನೆ. ಊರಿನ ವಿಷಯ ಬಂದರೆ ಮಾತ್ರ ಬಾಯಿ ಕಟ್ಟುತ್ತದೆ.

ಹೋದ ತಿಂಗಳು ಸೋದರಮಾವನ ಮನೆಯಲ್ಲಿ ಹರಕೆ ಆಟ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನ ಇತ್ತು. ಶನಿವಾರ ರಾತ್ರಿಯಿಡೀ ಕೂತು ನೋಡಿ, ಭಾನುವಾರ ರಾತ್ರಿ ಬಸ್ಸು ಹತ್ತಿ, ಸೋಮವಾರ ಕೆಂಪು ಕಣ್ಣು ಬಿಟ್ಟುಕೊಂಡು ಮೀಟಿಂಗಿಗೆ ಕೂತೆ. ಮ್ಯಾಂಚೆಸ್ಟರಿನ ಸಹೋದ್ಯೋಗಿ ವಿಡಿಯೊದಲ್ಲಿ ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದಳು. ನಾನು ಹೇಳಿದ್ದು ಇಷ್ಟು: "ದೇರ್ ವಾಸ್ ಎ ಡ್ರಾಮಾ ಇನ್ ಮೈ ಅಂಕಲ್ಸ್ ಹೌಸ್. ಫುಲ್ ನೈಟ್." ಆಕೆ ದನಿ ತಗ್ಗಿಸಿ, "ಓಹ್, ಐ ಆಮ್ ಸೋ ಸಾರಿ. ಈಸ್ ಎವ್ರಿಬಡಿ ಆಲ್‌ರೈಟ್?" ಅಂದಳು. ಮಾವನ ಮನೆಯಲ್ಲಿ ದೊಡ್ಡ ಜಗಳ ಆಗಿದೆ ಅಂತ ತಿಳಿದಿದ್ದಾಳೆ! ಸರಿಮಾಡಲು ಹೋಗಿ "ನೋ ನೋ, ವೆರಿ ಹ್ಯಾಪಿ, ಹೋಲ್ ವಿಲೇಜ್ ಕೇಮ್ ಟು ಸೀ" ಅಂದೆ. ಇನ್ನೂ ಗಾಬರಿಯಾದಳು.

ಈಗ ಮುಂದಿನ ವಾರ ನಮ್ಮ ತಂಡದಲ್ಲಿ ಒಬ್ಬೊಬ್ಬರೂ ತಮ್ಮ ಊರಿನ ಕಲೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ. ಕಲೆ, ಮನರಂಜನೆಗೆ ಬೇಕಾದ ಇಂಗ್ಲಿಷ್ ಪದಗಳ ಪಟ್ಟಿ ಹುಡುಕಿದೆ. ಎಕ್ಸಿಬಿಷನ್, ಬಾಕ್ಸ್ ಆಫೀಸ್, ಸೋಪ್ ಒಪೆರಾ ಎಲ್ಲ ಇದೆ. ನಮ್ಮ ಭಾಗವತರು, ಚೌಕಿ, ಹಿಮ್ಮೇಳ, ವೇಷ, ಅರ್ಥ (ವೇಷದವರು ಆಡುವ ಮಾತು) ಇವಕ್ಕೆ ಏನನ್ನಲಿ? ನಾನು ಬರೆದುಕೊಂಡದ್ದು: ಭಾಗವತರು ಅಂದರೆ ಕಂಡಕ್ಟರ್, ಹಿಮ್ಮೇಳ ಅಂದರೆ ಬ್ಯಾಕ್‌ಗ್ರೌಂಡ್ ಆರ್ಟಿಸ್ಟ್ಸ್, ಚೌಕಿ ಅಂದರೆ ಗ್ರೀನ್ ರೂಮ್. ಸರಿಯಾ? ಯಾರಾದರೂ ತಿದ್ದಿ ಮಾರಾಯ್ರೆ.

ರಿಟೈರ್ಡ್ ಮೇಷ್ಟ್ರು:

ಮೊದಲು ಆ ಡ್ರಾಮಾ ಬಿಡಿ. "ಎ ಡ್ರಾಮಾ" ಅಂದರೆ ಅವರಿಗೆ ಟೀವಿಯ ಗಂಭೀರ ಕಥೆ, ಇಲ್ಲವೇ ಮನೆಯೊಳಗಿನ ರಂಪ. ಹೋಗಿ ಕೂತು ನೋಡುವ ನಾಟಕಕ್ಕೆ ಸಾಮಾನ್ಯವಾಗಿ ಪ್ಲೇ ಅನ್ನುತ್ತಾರೆ. ಮಕ್ಕಳು ಅಂಗಳದಲ್ಲಿ ಆಡುವುದೂ ಪ್ಲೇ, ರಂಗದ ಮೇಲೆ ನಡೆಯುವುದೂ ಪ್ಲೇ. ನೀವು "ಆಟ" ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪದ ಬೇಕಾ? "ವಿ ಹ್ಯಾಡ್ ಆ್ಯನ್ ಆಲ್-ನೈಟ್ ಪ್ಲೇ, ಔಟ್‌ಡೋರ್ಸ್" ಅಂದಿದ್ದರೆ ಆಕೆ ಸಾರಿ ಕೇಳುತ್ತಿರಲಿಲ್ಲ.

ಬ್ಯಾಕ್‌ಗ್ರೌಂಡ್ ಆರ್ಟಿಸ್ಟ್ ಅಂದರೆ ಸಿನಿಮಾದಲ್ಲಿ ಹೀರೋ ಹಿಂದೆ ಸುಮ್ನೆ ಓಡಾಡುವವರು. ಚಂಡೆಯವರಿಗೆ ಹಾಗಂದರೆ ಕೋಲು ಹಿಡಿದೇ ಬಂದಾರು. ಮ್ಯುಸಿಷಿಯನ್ಸ್ ಅನ್ನಿ, ಮುಗಿಯಿತು.

ಕಂಡಕ್ಟರ್ ಪೂರ್ತಿ ತಪ್ಪಲ್ಲ. ಆದರೆ ಅವರ ಆರ್ಕೆಸ್ಟ್ರಾ ಕಂಡಕ್ಟರ್ ಕೈಯಾಡಿಸುತ್ತಾನೆ, ಹಾಡುವುದಿಲ್ಲ. ಭಾಗವತರು ತಾಳ ಹಿಡಿದು ಹಾಡುತ್ತಾರೆ, ಕಥೆ ನಡೆಸುತ್ತಾರೆ, ವೇಷಧಾರಿಯ ಮಾತು ಜಾಸ್ತಿಯಾದರೆ ಮುಂದಿನ ಪದ್ಯ ಎತ್ತಿಕೊಂಡು ನಿಲ್ಲಿಸುತ್ತಾರೆ. "ದ ಲೀಡ್ ಸಿಂಗರ್, ಹೂ ರನ್ಸ್ ದ ಹೋಲ್ ಶೋ" ಅನ್ನಿ.

ಗ್ರೀನ್ ರೂಮ್ ವಿಷಯದಲ್ಲಿ ನಾನೂ ಮೂವತ್ತು ವರ್ಷ ತಪ್ಪನ್ನೇ ಪಾಠ ಮಾಡಿದೆ. ಅಲ್ಲಿ ಗ್ರೀನ್ ರೂಮ್ ಅಂದರೆ ಕಲಾವಿದರು ಕೂತು ಚಹಾ ಕುಡಿಯುತ್ತ ಕಾಯುವ ಕೋಣೆ. ಬಣ್ಣ ಹಚ್ಚಿ ಬಟ್ಟೆ ಕಟ್ಟುವ ಜಾಗ ಡ್ರೆಸ್ಸಿಂಗ್ ರೂಮ್.

ಚೌಕಿಯಲ್ಲಿ ಬೆಳೆದವಳು:

ಮೇಷ್ಟ್ರೇ, ಡ್ರೆಸ್ಸಿಂಗ್ ರೂಮ್ ಅಂದರೆ ಕ್ರಿಕೆಟ್ಟಿನದು ನೆನಪಾಗುತ್ತದೆ ನನಗೆ 😄 ಆದರೆ ಸರಿಯೇ ಇದೆ.

ನಮ್ಮ ಅಪ್ಪ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಮೇಳದಲ್ಲಿದ್ದರು. ಚಿಕ್ಕವಳಿದ್ದಾಗ ಚೌಕಿಯ ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದೆ. ಒಂದು ಕಡೆ ಗಣಪತಿಗೆ ದೀಪ. ಅದರ ಎದುರು ಸಾಲಾಗಿ ಕೂತು, ಅಂಗೈಯಗಲದ ಕನ್ನಡಿಯಲ್ಲಿ ಅವರವರ ಮುಖಕ್ಕೆ ಅವರವರೇ ಬಣ್ಣ ಬರೆದುಕೊಳ್ಳುವುದು. ಮುಂಡಾಸು ಕಟ್ಟುವಾಗ ಅಪ್ಪ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಇದನ್ನು ಹೇಳಿ ನೋಡಿ, ಕೇಳುವವರಿಗೆ ಕಣ್ಣಿಗೆ ಕಟ್ಟುತ್ತದೆ. "ದೇ ಡು ದೇರ್ ಓನ್ ಮೇಕಪ್." ಮುಂಡಾಸಿಗೆ ಟರ್ಬನ್ ಅನ್ನಬೇಡಿ, ಹೆಡ್‌ಡ್ರೆಸ್ ಅನ್ನಿ. ಬಣ್ಣ, ಕುಣಿತ, ಅಬ್ಬರ ಎಲ್ಲಕ್ಕೂ ಸ್ಟೈಲೈಸ್ಡ್ ಅನ್ನುವ ಪದ ಇಟ್ಟುಕೊಳ್ಳಿ. ಇಲ್ಲದಿದ್ದರೆ ಓವರ್ ಆಕ್ಟಿಂಗ್ ಅಂದುಕೊಳ್ಳುತ್ತಾರೆ.

ವೇಷ ಅಂದರೆ ಬರೀ ಕಾಸ್ಟ್ಯೂಮ್ ಅಲ್ಲ. ಪಾತ್ರವೂ ವೇಷ, ಮಾಡಿದವನೂ ವೇಷ. ಒಂದು ಇಂಗ್ಲಿಷ್ ಪದ ಹುಡುಕುತ್ತ ಕೂರಬೇಡಿ. "ಹಿ ಪ್ಲೇಯ್ಡ್ ಭಸ್ಮಾಸುರ" ಅಂದರಾಯಿತು. ನಾವು "ಚಿಟ್ಟಾಣಿಯವರ ಭಸ್ಮಾಸುರ ನೋಡಬೇಕಿತ್ತು" ಅನ್ನುತ್ತೇವಲ್ಲ, ಅವರೂ ನಟನ ಹೆಸರು ಹಿಡಿದು "ಹಿಸ್ ಹ್ಯಾಮ್ಲೆಟ್" ಅನ್ನುತ್ತಾರೆ. ಹಾಗಾಗಿ "ಹಿಸ್ ಭಸ್ಮಾಸುರ" ಧೈರ್ಯವಾಗಿ ಹೇಳಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು ಅಂತಲೂ ಸೇರಿಸಿ. ವಿಡಿಯೊ ತೋರಿಸಿದರೆ ಮತ್ತೂ ಒಳ್ಳೆಯದು.

ಇನ್ನೊಂದು ಮಾತು, ಸ್ವಲ್ಪ ಕೋಪದ್ದು. ದಯವಿಟ್ಟು ಫೋಕ್ ಡ್ಯಾನ್ಸ್ ಅನ್ನಬೇಡಿ. ಡ್ಯಾನ್ಸ್ ಡ್ರಾಮಾ ಅಂತ ಪುಸ್ತಕಗಳಲ್ಲಿ ಬರುತ್ತದೆ. ಅದರಲ್ಲಿ ಮಾತು ಎಲ್ಲಿ ಹೋಯಿತು? ಶಿವರಾಮ ಕಾರಂತರು ಮಾತು ಬಿಟ್ಟು ಬ್ಯಾಲೆ ಮಾಡಿದರು, ಅದು ಬೇರೆ. ನಮ್ಮ ಆಟದಲ್ಲಿ ಅರ್ಧ ಜೀವ ಇರುವುದೇ ಅರ್ಥದಲ್ಲಿ. ಪದ್ಯ ಬರೆದಿಟ್ಟದ್ದು, ಮಾತು ಅಲ್ಲೇ ಹುಟ್ಟುವುದು. "ದ ಸಾಂಗ್ಸ್ ಆರ್ ರಿಟನ್, ಬಟ್ ದ ಆ್ಯಕ್ಟರ್ಸ್ ಇಂಪ್ರೊವೈಸ್ ದೇರ್ ಲೈನ್ಸ್." ಇಂಪ್ರೊವೈಸ್! ಈ ಒಂದು ಪದ ಮರೆಯಬೇಡಿ.

ಹುಬ್ಬಳ್ಳಿಯಾಂವ:

ಇಷ್ಟೆಲ್ಲ ಯಾಕೆ? ಇಂಡಿಯನ್ ಒಪೆರಾ ಅಂದರೆ ಮುಗೀತಲ್ಲ.

ಇರಲಿ, ನಂದೂ ಒಂದು ಕೇಳಿ. ಲಂಡನ್ನಿನಲ್ಲಿ ಒಂದು ಸಂಗೀತ ಕಚೇರಿಯ ಕೊನೆಗೆ, ನಮ್ಮ ಕಂಪನಿ ನಾಟಕದ ಅಭ್ಯಾಸದಂತೆ "ಒನ್ಸ್ ಮೋರ್" ಅಂತ ಕೂಗಿಬಿಟ್ಟೆ. ಪಕ್ಕದವರು ತಿರುಗಿ ನೋಡಿದರು. ಅಲ್ಲಿ ಕೂಗುವುದು ಆಂಕೋರ್ ಅಂತೆ. ಅದು ಫ್ರೆಂಚ್ ಪದ. ಇಂಗ್ಲಿಷರು ಫ್ರೆಂಚಿನಲ್ಲಿ ಕೂಗೋದು, ನಾವು ಇಂಗ್ಲಿಷಿನಲ್ಲಿ ಕೂಗೋದು!

ರಿಟೈರ್ಡ್ ಮೇಷ್ಟ್ರು:

ಒಪೆರಾದಲ್ಲಿ ಪಾತ್ರಧಾರಿಯೇ ಹಾಡಬೇಕು. ಇಲ್ಲಿ ಹಾಡು ಭಾಗವತರದು, ಕುಣಿತ ಮತ್ತು ಮಾತು ವೇಷದವರದು. ಒಪೆರಾ ಅಂದರೆ ಭಸ್ಮಾಸುರನೇ ಹಾಡುತ್ತಾನೆ ಅಂತ ಕಾಯುತ್ತ ಕೂರುತ್ತಾರೆ. ಜಪಾನಿನವರು ತಮ್ಮ ರಂಗಕಲೆ ಕಬುಕಿಯನ್ನು ಕಬುಕಿ ಅಂತಲೇ ಹೇಳಿ ಇಂಗ್ಲಿಷ್ ನಿಘಂಟಿಗೆ ಸೇರಿಸಿದರು. ನೀವೂ ಯಕ್ಷಗಾನ ಅಂತಲೇ ಶುರುಮಾಡಿ.

ಹರಕೆ ಆಟಕ್ಕೆ ಸ್ಪಾನ್ಸರ್ಡ್ ಶೋ ಅಂದೀರಿ ಮತ್ತೆ! ಹಿಂದೆ ಸಿಮೆಂಟ್ ಕಂಪನಿಯ ಬ್ಯಾನರ್ ಇತ್ತು ಅಂದುಕೊಳ್ಳುತ್ತಾರೆ. "ಮೈ ಅಂಕಲ್ ಹ್ಯಾಡ್ ಮೇಡ್ ಎ ವೌ" ಅನ್ನಿ. ಮಂದಾರ್ತಿ ದೇವಸ್ಥಾನದ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ ಅನ್ನುವುದನ್ನೂ ಹೇಳಿ. ವೇಟಿಂಗ್ ಲಿಸ್ಟ್ ಅಂದರೆ ಯಾವ ದೇಶದವರಿಗೂ ಅರ್ಥವಾಗುತ್ತದೆ.

ಕುಂದಾಪ್ರದವ:

ಮುಗಿಯಿತು! ಹತ್ತು ನಿಮಿಷ ಅಂದದ್ದು ಇಪ್ಪತ್ತೈದಾಯಿತು. ಹಲ್ಲಿನಲ್ಲಿ ಬಟ್ಟೆ ಕಚ್ಚುವುದನ್ನು ನನ್ನ ಟವೆಲ್ ಹಿಡಿದು ಮಾಡಿ ತೋರಿಸಿದೆ, ಅಕ್ಕ. ವೇಟಿಂಗ್ ಲಿಸ್ಟಿಗೆ ಎಲ್ಲರೂ ನಕ್ಕರು. ಮ್ಯಾಂಚೆಸ್ಟರಿನವಳು "ಸಪೋಸ್ ಹಿ ಫರ್ಗೆಟ್ಸ್ ಹಿಸ್ ಲೈನ್ಸ್?" ಅಂತ ಕೇಳಿದಳು. "ನೋ ಲೈನ್ಸ್ ಟು ಫರ್ಗೆಟ್, ದೇ ಇಂಪ್ರೊವೈಸ್" ಅಂದೆ. ಆ ಪದ ಬಾಯಿಗೆ ಬಂದದ್ದಕ್ಕೆ ನನಗೇ ಖುಷಿ.

ಒಂದೇ ಕಡೆ ಎಡವಿದೆ. ನಮ್ಮಲ್ಲಿ ಭಾಗವತರು ಪದ್ಯ "ಹೇಳುತ್ತಾರೆ" ಅಲ್ವಾ? ನಾನು ಅದೇ ಗುಂಗಿನಲ್ಲಿ "ಹಿ ಟೆಲ್ಸ್ ಪೊಯೆಮ್ಸ್ ಟಿಲ್ ಮಾರ್ನಿಂಗ್" ಅಂದುಬಿಟ್ಟೆ. ಒಬ್ಬ ಮೆಲ್ಲಗೆ ಕೇಳಿದ: "ಟು ಹೂಮ್?"