ಓದುಗರ ಸ್ಪಂದನ: ಗರ್ಭಕೋಶ ತೆಗೆಸಲು ಅವಸರ ಬೇಡ

ಓದುಗಿಯ ಸಮಸ್ಯೆ: ನನಗೆ 45 ವರ್ಷ. ಮುಟ್ಟು ಒಮ್ಮೆ 20 ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ಬಂದರೆ ವಿಪರೀತ ಸ್ರಾವ. ರಾತ್ರಿ ಬೆವತು ಎಚ್ಚರವಾಗುತ್ತದೆ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಗರ್ಭಕೋಶ ತೆಗೆಸಿಬಿಡು ಎನ್ನುತ್ತಿದ್ದಾರೆ ಮನೆಯವರು.

ತಂಗಿ, ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. “ಮಕ್ಕಳಾದವಲ್ಲ, ಇನ್ನು ಗರ್ಭಕೋಶ ಯಾಕೆ?” ಎನ್ನುವ ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ. ಮುಟ್ಟು ನಿಲ್ಲುವ ಹೊತ್ತು ಹತ್ತಿರವಾಗುವ ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನ್ ಮನಬಂದಂತೆ ಏರಿಳಿಯುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಒಮ್ಮೆಲೇ ಕಳಚುತ್ತದೆ. ಜಾಸ್ತಿ ಸ್ರಾವಕ್ಕೆ ಇದೂ ಒಂದು ಕಾರಣ. ಹಾಗಂತ ವಯಸ್ಸಿನದ್ದು ಎಂದು ಸುಮ್ಮನೆ ಕೂರಬೇಡ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗು. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸು, ಸ್ಕ್ಯಾನಿಂಗ್ ಮಾಡಿಸು. ನಿನ್ನ ವಯಸ್ಸಿನವರಿಗೆ ಒಳಪದರದ ಸಣ್ಣ ಚೂರು ತೆಗೆದು ಪರೀಕ್ಷೆಗೂ ಕಳಿಸುತ್ತಾರೆ, ಹೆದರಬೇಡ. ಗಡ್ಡೆಯೋ ಕ್ಯಾನ್ಸರೋ ಇಲ್ಲ ಎಂದಾದರೆ ಸ್ರಾವ ಹತೋಟಿಗೆ ತರಲು ಮಾತ್ರೆಗಳಿವೆ. ಕಾಪರ್-ಟಿಯಂತೆ ಒಳಗಿಡುವ, ಹಾರ್ಮೋನ್ ಬಿಡುವ ಸಾಧನವೂ ಇದೆ. “ಬೇರೆ ದಾರಿ ಏನಿದೆ ಡಾಕ್ಟ್ರೇ?” ಎಂದು ಧೈರ್ಯವಾಗಿ ಕೇಳು. ಇನ್ನೊಬ್ಬ ವೈದ್ಯರಿಗೂ ತೋರಿಸು. ಬೇಡದ ಕಡೆ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಹೇಳಿದೆ. ನಮ್ಮ ಕಲಬುರಗಿ ಕಡೆಯ ತಾಂಡಾಗಳ ಹೆಣ್ಣುಮಕ್ಕಳು ಹೀಗೆ ಗರ್ಭಕೋಶ ತೆಗೆಸಿಕೊಂಡು ಪಟ್ಟ ಪಾಡು ಸಣ್ಣದಲ್ಲ.
– ನಿವೃತ್ತ ನರ್ಸ್, ಹುಬ್ಬಳ್ಳಿ

ನಿಮ್ಮ ಪತ್ರ ಓದಿ ನನ್ನದೇ ಕತೆ ಅನ್ನಿಸಿತು. ಬೋರ್ಡ್ ಮೇಲೆ ಬರೆಯುತ್ತಿರುವಾಗಲೇ ಎದೆಯಿಂದ ಕಿವಿತನಕ ಬಿಸಿ ಏರುತ್ತಿತ್ತು. ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಸಂಜೆ ಮೇಲೆ ಕಾಫಿ ಬಿಟ್ಟೆ, ನಿದ್ದೆ ಸ್ವಲ್ಪ ಸುಧಾರಿಸಿತು. ವಾಕಿಂಗ್ ಜೊತೆಗೆ ಭಾರ ಎತ್ತುವ ವ್ಯಾಯಾಮವೂ ಬೇಕು, ಏಕೆಂದರೆ ಈಸ್ಟ್ರೋಜನ್ ಇಳಿದ ಮೇಲೆ ಮೂಳೆ ಬೇಗ ಸವೆಯುತ್ತದೆ. ರಾಗಿಮುದ್ದೆ, ಸೊಪ್ಪು, ಮೊಸರು ಬಿಡಬೇಡಿ. ಬಿಸಿ, ಬೆವರು ತಡೆಯಲಾಗದಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ, ಆದರೆ ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಇನ್ನೊಂದು ಮಾತು. ಸತತ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿದೆ ಎಂದು ಲೆಕ್ಕ. ಅಲ್ಲಿಯತನಕ ಗರ್ಭ ನಿಲ್ಲಬಹುದು, ಎಚ್ಚರ. ಹಾಗೆ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು.
– ಶಿಕ್ಷಕಿ, ಹಾಸನ

ಅಕ್ಕಾ, ರೇಗುತ್ತೀರಿ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನಿದ್ದೆಗೆಟ್ಟ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ? ನನ್ನ ಹೆಂಡತಿಗೂ ಈಗ ಇದೇ ಕಾಲ. ಬೆಳಗಿನ ತಿಂಡಿ, ಮಕ್ಕಳ ಡಬ್ಬಿ ನನ್ನ ಪಾಲಿಗೆ ತೆಗೆದುಕೊಂಡಿದ್ದೇನೆ. ಡಾಕ್ಟರ ಬಳಿಗೂ ಜೊತೆಗೇ ಹೋಗುತ್ತೇವೆ. ಮುಟ್ಟಿನ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಅದನ್ನು. ನಿಮ್ಮ ಮನೆಯವರಿಗೂ ಈ ಪತ್ರಗಳನ್ನು ಓದಲು ಕೊಡಿ.
– ಓದುಗ, ದಾವಣಗೆರೆ