ಕೀಮೋ ನಡುವಿನ ದಿನಗಳನ್ನು ಹೇಗೆ ಕಳೆದಿರಿ? ನಿಮ್ಮ ಅನುಭವ ಬೇಕು

ಕೇಳಿದವರು

ನನಗೆ 46 ವರ್ಷ. ಸ್ತನ ಕ್ಯಾನ್ಸರ್. ಆಪರೇಷನ್ ಆಯಿತು, ಆರು ಕೀಮೋದಲ್ಲಿ ಎರಡು ಮುಗಿದಿವೆ. ಡಾಕ್ಟರ ಮೇಲೆ ನಂಬಿಕೆ ಇದೆ, ಚಿಕಿತ್ಸೆ ಬಗ್ಗೆ ಅನುಮಾನ ಇಲ್ಲ. ಆದರೆ ಒಂದು ಕೀಮೋದಿಂದ ಇನ್ನೊಂದರವರೆಗಿನ ಮೂರು ವಾರ ಹೇಗೆ ಬದುಕಬೇಕು ಅನ್ನೋದೇ ತಿಳಿಯುತ್ತಿಲ್ಲ. ಒಬ್ಬರು ಹಾಸಿಗೆ ಬಿಟ್ಟು ಏಳಬೇಡ ಅಂತಾರೆ, ಇನ್ನೊಬ್ಬರು ನಡಿ ಅಂತಾರೆ. ಸಕ್ಕರೆ ಮುಟ್ಟಬೇಡ, ಹಾಲು ಬಿಡು, ಈ ಪುಡಿ ತಗೋ ಅಂತ ದಿನಕ್ಕೊಂದು ಸಲಹೆ. ನನ್ನ ನಾಲಿಗೆಗೆ ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ. "ಏನಾದರೂ ಸಹಾಯ ಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. "ಏನೂ ಬೇಡ, ಚೆನ್ನಾಗಿದ್ದೀನಿ" ಅಂತೀನಿ. ಆಮೇಲೆ ಬಾತ್‌ರೂಮಿಗೆ ಹೋಗಿ, ಸದ್ದು ಕೇಳದಿರಲಿ ಅಂತ ನಲ್ಲಿ ತಿರುಗಿಸಿ ಅಳುತ್ತೀನಿ. ಇದನ್ನು ಅನುಭವಿಸಿದವರು, ಅನುಭವಿಸಿದವರ ಜೊತೆಗಿದ್ದವರು, ನಿಮಗೆ ಏನು ಕೆಲಸಕ್ಕೆ ಬಂತು ಅಂತ ಹೇಳುತ್ತೀರಾ?

ಸ್ತನ ಕ್ಯಾನ್ಸರ್, ಚಿಕಿತ್ಸೆ ಮುಗಿದು ಮೂರು ವರ್ಷ

ನಲ್ಲಿ ತಿರುಗಿಸಿದ ಮಾತು ಓದಿ ಕಣ್ಣು ತುಂಬಿತು. ನಾನೂ ಅದನ್ನೇ ಮಾಡುತ್ತಿದ್ದೆ. ಮನೆಯವರಿಗಷ್ಟೇ ಅಲ್ಲ, ಡಾಕ್ಟರಿಗೂ "ಚೆನ್ನಾಗಿದ್ದೀನಿ ಸರ್" ಅಂತಲೇ ಹೇಳುತ್ತಿದ್ದೆ. ಎರಡನೇ ಕೀಮೋ ಆದ ಮೇಲೆ ಬಾಯಿ ತುಂಬಾ ಹುಣ್ಣಾಯಿತು. ಕೀಮೋ ಅಂದ ಮೇಲೆ ಇದೆಲ್ಲ ಇದ್ದದ್ದೇ, ಇಷ್ಟಕ್ಕೆಲ್ಲ ಫೋನ್ ಮಾಡೋದೇಕೆ ಅಂತ ಐದು ದಿನ ಸುಮ್ನಿದ್ದೆ. ಒಂದು ಗುಟುಕು ನೀರಿಗೂ ಉರಿ. ಮುಂದಿನ ಸಲ ಹೋದಾಗ ತೂಕ ನಾಲ್ಕು ಕೆಜಿ ಇಳಿದಿತ್ತು. ನರ್ಸ್ ಟಾರ್ಚ್ ಹಿಡಿದು ಬಾಯಿ ನೋಡಿದರು. "ಮೊದಲ ದಿನವೇ ಹೇಳಿದ್ದರೆ ಇದಕ್ಕೆ ಔಷಧಿ ಇತ್ತಲ್ವಾ ಅಮ್ಮ?" ಅಂದರು. ಅವರು ಬೈಯಲಿಲ್ಲ. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅವತ್ತೇ ಸಂಜೆ ಮಗನ ಹಳೆಯ ನೋಟ್‌ಬುಕ್‌ನ ಖಾಲಿ ಹಾಳೆಗಳಲ್ಲಿ ಬರೆಯೋಕೆ ಶುರು ಮಾಡಿದೆ.

ಐದೇ ಸಾಲು. ನೋವು, ಸುಸ್ತು, ವಾಕರಿಕೆ, ನಿದ್ದೆ, ಮನಸ್ಸು. ಒಂದೊಂದರ ಮುಂದೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಹತ್ತು ಅಂದರೆ ತಡೆಯೋಕೇ ಆಗದಷ್ಟು ತೊಂದರೆ. ಕೆಳಗೆ ಎಷ್ಟು ಸಲ ತಿಂದೆ, ಜ್ವರ ಎಷ್ಟಿತ್ತು ಅಂತ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಕೀಮೋ ಆದ ನಾಲ್ಕನೇ ದಿನದ ಒಂದು ಹಾಳೆ ಹೀಗಿದೆ: "ನೋವು 3. ಸುಸ್ತು 8. ವಾಕರಿಕೆ 6. ನಿದ್ದೆ 7, ರಾತ್ರಿ ಎರಡರಿಂದ ಎಚ್ಚರ. ಮನಸ್ಸು 7, ಯಾರ ಹತ್ತಿರವೂ ಮಾತಾಡಲಿಲ್ಲ." ಇದನ್ನು ಡಾಕ್ಟರ ಮುಂದೆ ಇಟ್ಟರೆ ಸಾಕು, ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ನನ್ನಂಥ ಸಂಕೋಚದವಳಿಗೆ ಅದೇ ದೊಡ್ಡ ಅನುಕೂಲ. ವಾಕರಿಕೆ ಮಾತ್ರೆ ಬದಲಾಯಿಸಿ ಕೊಟ್ಟರು, ಮುಂದಿನ ಸುತ್ತಿನಲ್ಲಿ 6 ಇದ್ದದ್ದು 2 ಆಯಿತು.

ಇದು ನನ್ನೊಬ್ಬಳ ಮಾತಲ್ಲ. ಕ್ಯಾನ್ಸರ್ ಹರಡಿ ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನರ ಒಂದು ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು, ಜಾಸ್ತಿಯಾದರೆ ಕೂಡಲೇ ನರ್ಸಿಗೆ ಸುದ್ದಿ ಹೋಗುತ್ತಿತ್ತು. ಎಂದಿನ ಹಾಗೆ ಚಿಕಿತ್ಸೆ ಪಡೆದವರ ಮಧ್ಯಮ ಬದುಕುಳಿವು, ಅಂದರೆ ಅರ್ಧದಷ್ಟು ಜನ ದಾಟಿ ಬದುಕಿದ ಅವಧಿ, 26 ತಿಂಗಳಿದ್ದರೆ, ಇವರದು 31.2 ತಿಂಗಳು. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ. ತೊಂದರೆಯನ್ನು ಹೊತ್ತಿಗೆ ಸರಿಯಾಗಿ ಹೇಳಿದ್ದು, ಕೇಳಿಸಿಕೊಂಡವರು ಏನಾದರೂ ಮಾಡಿದ್ದು, ಅಷ್ಟೇ.

ಇನ್ನೊಂದು. ನನ್ನ ಪುಸ್ತಕ ನೋಡಿದಾಗ ಮೂರರಿಂದ ಆರನೇ ದಿನ ಕಷ್ಟ, ಎಂಟರಿಂದ ಹಗುರ ಅಂತ ಕಾಣಿಸಿತು. ಆದರೆ ಬಿಳಿ ರಕ್ತಕಣ ತೀರಾ ಕಡಿಮೆ ಆಗೋದು ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ. ಅಂದರೆ ನಮಗೆ ಹಗುರ ಅನ್ನಿಸುವ ದಿನಗಳಲ್ಲೇ ಸೋಂಕಿನ ಭಯ ಜಾಸ್ತಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೋ, ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಅವರನ್ನು ಕೇಳದೆ ಜ್ವರದ ಮಾತ್ರೆ ನುಂಗಬೇಡಿ, ಜ್ವರ ಅಡಗಿಬಿಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಆ ಫೋನ್ ನಂಬರನ್ನು ಇವತ್ತೇ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಕರುಳಿನ ಕ್ಯಾನ್ಸರ್, ನಡಿಗೆ ಶುರು ಮಾಡಿದವನು

ಮೇಡಂ, ನೀವು ಕೇಳಿದ್ದರಲ್ಲಿ "ಮಲಗಬೇಕಾ, ನಡೆಯಬೇಕಾ" ಅನ್ನೋದಕ್ಕೆ ಮಾತ್ರ ನಾನು ಹೇಳಬಲ್ಲೆ.

ಕೀಮೋ ಸುಸ್ತು ಬೇರೆ ಥರದ್ದು. ದುಡಿದು ದಣಿದರೆ ಮಲಗಿದಾಗ ಹೋಗುತ್ತದೆ. ಇದು ಹೋಗಲ್ಲ. ನಾನು ದಿನಕ್ಕೆ ಹದಿನಾಲ್ಕು ಗಂಟೆ ಮಲಗಿದೆ, ಎದ್ದಾಗ ಇನ್ನಷ್ಟು ಸುಸ್ತು. ಫಿಸಿಯೋಥೆರಪಿಸ್ಟ್ ಬಂದು ಕೂತು, "ಇವತ್ತು ಬಾಗಿಲಿನಿಂದ ಗೇಟಿನವರೆಗೆ ಹೋಗಿ ಬನ್ನಿ, ಅಷ್ಟೇ" ಅಂದರು. ನಾಲ್ಕು ನಿಮಿಷ ಹಿಡಿಯಿತು. ಗೇಟಿನ ಕಬ್ಬಿಣದ ಸರಳು ಹಿಡಿದು ನಿಂತೆ. ಬಿಸಿಲಿಗೆ ಕಾದಿತ್ತು, ಕೈಗೆ ಬೆಚ್ಚಗಾಯಿತು. ಎಷ್ಟೋ ದಿನದ ಮೇಲೆ ಮನೆಯ ಹೊರಗಿನ ಒಂದು ವಸ್ತು ಮುಟ್ಟಿದ್ದೆ. ಮಾರನೇ ದಿನ ಐದು ನಿಮಿಷ. ಕೀಮೋ ಆದ ಮೊದಲ ದಿನಗಳಲ್ಲಿ ಮತ್ತೆ ಗೇಟಿಗೇ ಇಳಿಸುತ್ತಿದ್ದೆ, ಆಮೇಲೆ ಏರಿಸುತ್ತಿದ್ದೆ. ಆರನೇ ಸುತ್ತಿನ ಹೊತ್ತಿಗೆ ಅರ್ಧ ಗಂಟೆ ನಡೆಯುತ್ತಿದ್ದೆ, ಹತ್ತು ಹತ್ತು ನಿಮಿಷದ ಮೂರು ಕಂತಿನಲ್ಲಿ.

2019ರಲ್ಲಿ ತಜ್ಞರು ಇದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಹೇಳಿದ್ದೂ ಇದನ್ನೇ: ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಚುರುಕು ನಡಿಗೆ, ಎರಡು ದಿನ ಸ್ನಾಯುಗಳಿಗೆ ಸ್ವಲ್ಪ ಭಾರದ ಕೆಲಸ. ಸುಸ್ತು, ಆತಂಕ, ಖಿನ್ನತೆ ಮೂರೂ ಕಡಿಮೆ ಆಗುತ್ತವೆ. ನನ್ನ ಥರದ ರೋಗಿಗಳಿಗೆ 2025ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ಜೊತೆಗಿದ್ದು ವ್ಯಾಯಾಮ ಮಾಡಿಸಿದರು, ಉಳಿದವರಿಗೆ ಆರೋಗ್ಯದ ಪುಸ್ತಿಕೆ ಮಾತ್ರ ಕೊಟ್ಟರು. ಎಂಟು ವರ್ಷದ ಲೆಕ್ಕದಲ್ಲಿ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ. 90.3, ಇನ್ನೊಂದರಲ್ಲಿ ಶೇ. 83.2. ಇದು ಓದಿದ ದಿನ ಮಳೆ ಬರುತ್ತಿತ್ತು, ಕೊಡೆ ಹಿಡಿದು ಹೊರಟೆ.

ನಿಮ್ಮ ಆಪರೇಷನ್ ಆದ ಕಡೆಯ ಕೈ ಬಗ್ಗೆ ಒಂದು ಮಾತು. ಊದಿಕೊಳ್ಳುತ್ತದೆ ಅಂತ ಹೆದರಿ ಕೆಲವರು ಆ ಕೈಯನ್ನು ಎತ್ತುವುದೇ ಇಲ್ಲ. ಕೈ ಊತ ಇದ್ದ ಹೆಂಗಸರಿಗೂ ನಿಧಾನವಾಗಿ, ಮೇಲ್ವಿಚಾರಣೆಯಲ್ಲಿ ಭಾರ ಎತ್ತಿಸಿದರೆ ಊತ ಹೆಚ್ಚುವುದಿಲ್ಲ ಅಂತ 2009ರ ಅಧ್ಯಯನ ತೋರಿಸಿದೆ. ಆದರೆ ಹೇಳಿಕೊಡುವವರಿಂದಲೇ ಕಲಿಯಿರಿ. ಜ್ವರ, ತಲೆಸುತ್ತು, ಎದೆನೋವು ಇದ್ದ ದಿನ ವ್ಯಾಯಾಮ ಬೇಡ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದ್ದರೆ, ಮೂಳೆಗೆ ಹರಡಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಹೆಂಡತಿಗೆ ಅಡುಗೆ ಮಾಡಿ ಬಡಿಸಿದವನು

ಕಬ್ಬಿಣದ ರುಚಿ ನನ್ನವಳಿಗೂ ಇತ್ತು. ಸ್ಟೀಲ್ ಚಮಚ ಬಿಟ್ಟು ಮರದ ಚಮಚ ಕೊಟ್ಟೆ, ಆ ಒಂದೇ ಬದಲಾವಣೆಗೆ ಎರಡು ತುತ್ತು ಜಾಸ್ತಿ ಹೋಯಿತು. ಬಿಸಿ ಬಿಸಿ ಊಟದ ವಾಸನೆಗೇ ವಾಕರಿಕೆ ಬರುತ್ತಿತ್ತು, ಹಾಗಾಗಿ ಆರಿಸಿ ಕೊಡುತ್ತಿದ್ದೆ. ಮೂರು ಹೊತ್ತಿನ ಊಟ ಅನ್ನೋದನ್ನೇ ಮರೆತೆವು. ಎರಡು ಗಂಟೆಗೊಮ್ಮೆ ಒಂದು ಸಣ್ಣ ಬಟ್ಟಲು. ಬಾಯಿ ಹುಣ್ಣಿಗೆ ಮೆತ್ತನೆಯ ಬ್ರಷ್, ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಹಾಕಿ ಮುಕ್ಕಳಿಸೋದು.

ಪ್ರೋಟೀನ್ ಮಾತ್ರ ಲೆಕ್ಕ ಇಟ್ಟೆ. ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.5 ಗ್ರಾಂ ಅಂತ ಡಯಟಿಷಿಯನ್ ಹೇಳಿದ್ದರು. 60 ಕೆಜಿಯವರಿಗೆ 60ರಿಂದ 90 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ ಅಂದರೆ ಇದು ಸಣ್ಣ ಕೆಲಸ ಅಲ್ಲ ಅಂತ ಗೊತ್ತಾಗುತ್ತದೆ. ಕಿಡ್ನಿ ತೊಂದರೆ ಇದ್ದವರು ಕೇಳಿಯೇ ತಿನ್ನಬೇಕು. ಮೊಟ್ಟೆ, ಮಾಂಸ ಪೂರ್ತಿ ಬೆಂದಿರಲಿ.

ಸಕ್ಕರೆ ವಿಷಯ. ಸಕ್ಕರೆ ಬಿಟ್ಟರೆ ಗಡ್ಡೆ ಸೊರಗುತ್ತದೆ ಅಂತ ಯಾರೋ ಹೇಳಿ ಅವಳು ಹಣ್ಣು ತಿನ್ನೋದನ್ನೂ ಬಿಟ್ಟಿದ್ದಳು. ಗ್ಲೂಕೋಸ್ ದೇಹದ ಎಲ್ಲ ಜೀವಕೋಶಕ್ಕೂ ಬೇಕು, ನಾವು ತಿನ್ನದಿದ್ದರೆ ದೇಹವೇ ತಯಾರಿಸಿಕೊಳ್ಳುತ್ತದೆ. ಸಿಹಿ ಮಿತಿಯಲ್ಲಿರಲಿ, ಅದು ಯಾರಿಗಾದರೂ ಒಳ್ಳೆಯದೇ. ಆದರೆ ತೂಕ ಇಳಿಯುತ್ತಿರುವವರ ಕೈಯಿಂದ ಹಣ್ಣು ಕಿತ್ತುಕೊಳ್ಳೋದು ನನಗೆ ಅನ್ಯಾಯ ಅನ್ನಿಸುತ್ತದೆ. ಸ್ತನ ಕ್ಯಾನ್ಸರಿನವರಲ್ಲಿ ಕೆಲವರಿಗೆ ಕೀಮೋದಲ್ಲಿ ತೂಕ ಏರುತ್ತದೆ ಕೂಡ. ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿ, ಅದನ್ನು ನೋಡಿ ನಿರ್ಧಾರ ಮಾಡಿ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು

ಆ ಪುಡಿಯ ಡಬ್ಬಿಯನ್ನು ಡಾಕ್ಟರಿಗೆ ತೋರಿಸದೆ ತೆರೆಯಬೇಡಿ. ಗಿಡಮೂಲಿಕೆ ಅಂದ ಮಾತ್ರಕ್ಕೆ ಸುಮ್ನೆ ಒಳಗೆ ಹೋಗಿ ಬರುವಂಥದ್ದಲ್ಲ. ಮನಸ್ಸಿನ ಬೇಸರಕ್ಕೆ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡಮೂಲಿಕೆ ಕೆಲವು ಕ್ಯಾನ್ಸರ್ ಔಷಧಿಗಳ ಬಲ ಕುಗ್ಗಿಸುತ್ತದೆ. ಗ್ರೇಪ್‌ಫ್ರೂಟ್ ಹಣ್ಣು (ದ್ರಾಕ್ಷಿಯಲ್ಲ, ಚಕ್ಕೋತದ ಥರದ್ದು) ಕೆಲವು ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ.

ಗಂಟಲಿನ ಕ್ಯಾನ್ಸರ್, ಸಿಗರೇಟ್ ಬಿಟ್ಟವನು

ನೀವು ಕೇಳಿಲ್ಲ, ಆದರೆ ಓದುವ ಬೇರೆ ಯಾರಿಗಾದರೂ ಬೇಕಾಗಬಹುದು. ರೋಗ ಬಂದಾಯಿತಲ್ಲ, ಇನ್ನು ಬಿಟ್ಟು ಏನು ಅಂತ ನಾನೂ ಅಂದುಕೊಂಡಿದ್ದೆ. ಕ್ಯಾನ್ಸರ್ ಗೊತ್ತಾದ ಮೇಲೂ ಸೇದುವವರಲ್ಲಿ ಸಾವು ಜಾಸ್ತಿ ಅಂತ ಅಮೆರಿಕದ ಸರ್ಜನ್ ಜನರಲ್ ವರದಿ 2014ರಲ್ಲೇ ಹೇಳಿದೆ. ರೇಡಿಯೇಷನ್ ಶುರುವಾಗುವ ವಾರ ಬಿಟ್ಟೆ. ಒಬ್ಬನೇ ಮೂರು ಸಲ ಸೋತಿದ್ದೆ, ನಾಲ್ಕನೇ ಸಲ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮತ್ತು ಕೌನ್ಸೆಲರ್ ಸಹಾಯ ತಗೊಂಡೆ.

ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ

ನನ್ನದು ಗುಣವಾಗಿ ಮುಗಿಯುವಂಥದ್ದಲ್ಲ. ಇದರ ಜೊತೆಗೇ ಬದುಕುತ್ತಿದ್ದೇನೆ, ಎರಡು ವರ್ಷ ಆಯಿತು. ಅದಕ್ಕೇ ಅಳುವಿನ ವಿಷಯ ನಾನು ಹೇಳುತ್ತೇನೆ.

ಅಳಿ ತಂಗಿ. "ಧೈರ್ಯವಾಗಿರು, ನೀನು ನಗುತ್ತಿದ್ದರೆ ರೋಗ ಓಡಿಹೋಗುತ್ತದೆ" ಅಂತ ಜನ ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಅದು ಮತ್ತೊಂದು ಹೊರೆಯಾಗಿತ್ತು. ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿದ್ದರೆ ನಾನು ಸರಿಯಾಗಿ ನಗಲಿಲ್ಲವೇನೋ ಅಂತ ರಾತ್ರಿಯೆಲ್ಲ ಯೋಚಿಸುತ್ತಿದ್ದೆ. ತಲೆ ಮತ್ತು ಕತ್ತಿನ ಕ್ಯಾನ್ಸರಿನ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಸ್ಸಿನ ಸ್ಥಿತಿಗೂ ಎಷ್ಟು ಕಾಲ ಬದುಕಿದರು ಅನ್ನೋದಕ್ಕೂ ಸಂಬಂಧ ಕಾಣಲಿಲ್ಲ. ಇದು ಗೊತ್ತಾದ ದಿನ ನನಗಾದ ಸಮಾಧಾನ ಹೇಳತೀರದು. ನಾನು ಅತ್ತರೆ ನನ್ನ ಗಡ್ಡೆ ಬೆಳೆಯಲ್ಲ.

ಹಾಗಂತ ಒಬ್ಬರೇ ಬಾತ್‌ರೂಮಿನಲ್ಲಿ ಅಳಬೇಡಿ. ನಾನು ಇದೇ ರೋಗದವರ ಗುಂಪಿಗೆ ಹೋಗುತ್ತೇನೆ, ವಾರಕ್ಕೊಮ್ಮೆ. ಗುಂಪಿಗೆ ಹೋದರೆ ಆಯಸ್ಸು ಹೆಚ್ಚುತ್ತದೆ ಅಂತ ನಾನು ಹೇಳಲಾರೆ. ಹರಡಿದ ಸ್ತನ ಕ್ಯಾನ್ಸರಿನ ಹೆಂಗಸರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಯಸ್ಸು ಹೆಚ್ಚಲಿಲ್ಲ, ಆದರೆ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆ ಆಗಿತ್ತು. ನನಗೆ ಅಷ್ಟು ಸಾಕು. ಅಲ್ಲಿ "ಸ್ಕ್ಯಾನ್ ಹತ್ತಿರ ಬಂತು" ಅಂದರೆ ಯಾರೂ ಯಾಕೆ ಅಂತ ಕೇಳಲ್ಲ, ಪಕ್ಕದವರು ಕೈ ಹಿಡಿದುಕೊಳ್ಳುತ್ತಾರೆ. ಎರಡು ವಾರ ಬಿಡದೆ ಬೇಸರ ಇದ್ದರೆ, ಬದುಕೋದೇ ಬೇಡ ಅನ್ನಿಸಿದರಂತೂ ಆ ಕ್ಷಣವೇ, ಡಾಕ್ಟರಿಗೆ ಹೇಳಬೇಕು. ಅದಕ್ಕೂ ಚಿಕಿತ್ಸೆ ಇದೆ.

ಪ್ಯಾಲಿಯೇಟಿವ್ ಕೇರ್ ಅಂದರೆ ಕೈಬಿಟ್ಟರು ಅಂತ ಹೆದರಬೇಡಿ. ನೋವು, ಉಸಿರು, ನಿದ್ದೆ, ಮನಸ್ಸು ನೋಡಿಕೊಳ್ಳುವವರು ಅವರು, ಚಿಕಿತ್ಸೆಯ ಜೊತೆಗೇ ನೋಡುತ್ತಾರೆ. ನನ್ನದೇ ರೋಗದವರ ಮೇಲೆ 2010ರಲ್ಲಿ ಬಂದ ಅಧ್ಯಯನದಲ್ಲಿ ಶುರುವಿನಿಂದಲೇ ಅವರನ್ನು ಕಂಡವರ ದಿನಗಳೂ ಚೆನ್ನಾಗಿದ್ದವು, ಮಧ್ಯಮ ಬದುಕುಳಿವು 8.9 ತಿಂಗಳ ಬದಲು 11.6 ಇತ್ತು.

ಅಕ್ಕನನ್ನು ನೋಡಿಕೊಂಡವಳು

"ಏನಾದರೂ ಬೇಕಾ" ಅಂದಾಗ "ಏನೂ ಬೇಡ" ಅಂತ ನಮ್ಮಕ್ಕನೂ ಅನ್ನುತ್ತಿದ್ದಳು. ಪಾಪ, ಕೇಳಿದವರಿಗೂ ಏನು ಮಾಡಬೇಕು ಅಂತ ಗೊತ್ತಿರಲ್ಲ. ನಾನು ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಮಂಗಳವಾರ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗೋದು. ಹಾಸಿಗೆ ಹೊದಿಕೆ ಬದಲಾಯಿಸೋದು. ಮಗುವಿನ ಹೋಂವರ್ಕ್. ಸುಮ್ನೆ ಪಕ್ಕದಲ್ಲಿ ಕೂರೋದು, ಮಾತಿಲ್ಲದೆ. ಬಂದವರು ತಮ್ಮ ಹೆಸರು ಬರೆದು ಹೋಗುತ್ತಿದ್ದರು. ಕೊನೆಯ ಕೆಲಸಕ್ಕೇ ಎಲ್ಲಕ್ಕಿಂತ ಮೊದಲು ಹೆಸರು ತುಂಬಿತು.

ಕೇಳಿದವರು

ಎಲ್ಲವನ್ನೂ ಎರಡೆರಡು ಸಲ ಓದಿದೆ. ಮರದ ಚಮಚ ಕೆಲಸ ಮಾಡಿತು. ಗೋಡೆಗೆ ನಂಬರ್ ಅಂಟಿಸಿದ್ದೀನಿ. ಇವತ್ತು ಮೆಟ್ಟಿಲು ಇಳಿದು ರಸ್ತೆಯವರೆಗೆ ಹೋಗಿ ಬಂದೆ. ಪಕ್ಕದ ಮನೆಯವರು ಕೇಳಿದಾಗ ಮೊದಲ ಸಲ "ಬುಧವಾರ ಕೀಮೋಗೆ ನನ್ನ ಜೊತೆ ಬರ್ತೀರಾ?" ಅಂದೆ. ಅವರ ಮುಖ ಅರಳಿತು, ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಇನ್ನೊಂದೇ ಪ್ರಶ್ನೆ. ಮಗಳಿಗೆ ಹನ್ನೊಂದು ವರ್ಷ. ಅಮ್ಮನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿಟ್ಟಿದ್ದೇವೆ. ಅವಳಿಗೆ ಎಷ್ಟು ಹೇಳಬೇಕು?

ಸ್ತನ ಕ್ಯಾನ್ಸರ್, ಚಿಕಿತ್ಸೆ ಮುಗಿದು ಮೂರು ವರ್ಷ

ಅವಳಿಗೆ ಏನೋ ಇದೆ ಅಂತ ಗೊತ್ತಾಗಿರುತ್ತದೆ ಅಕ್ಕ, ಕೂದಲು ಉದುರಿದ್ದು ಕಾಣಲ್ವಾ? ಹೇಳದಿದ್ದರೆ ಮಕ್ಕಳು ತಾವೇ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ರೋಗದ ಹೆಸರು ಹೇಳಿ. ಇದು ಅವಳ ತಪ್ಪಿನಿಂದ ಬಂದದ್ದಲ್ಲ, ತಬ್ಬಿಕೊಂಡರೆ ಅಂಟಲ್ಲ ಅಂತ ಹೇಳಿ. ಮುಂದೆ ಏನಾದರೂ ಬದಲಾದರೆ ಅವಳಿಗೆ ಮುಚ್ಚಿಡಲ್ಲ ಅಂತಲೂ ಹೇಳಿ. "ಸತ್ತು ಹೋಗ್ತೀಯಾ?" ಅಂತ ನನ್ನ ಮಗ ನೇರವಾಗಿ ಕೇಳಿದ್ದ. "ಹಾಗಾಗದಿರಲಿ ಅಂತಲೇ ಇಷ್ಟು ದೊಡ್ಡ ಔಷಧಿ ತಗೋತಿದ್ದೀನಿ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ತನ್ನ ಪೆನ್ಸಿಲ್ ತಂದು, ನನ್ನ ಪುಸ್ತಕದಲ್ಲಿ ಆ ದಿನದ ಐದು ಸಾಲಿನ ಕೆಳಗೆ ಆರನೆಯದೊಂದು ಬರೆದ: "ಅಮ್ಮ ಇವತ್ತು ನಕ್ಕಳು, 1 ಸಲ."